ಶನಿವಾರ ಬೆಳಿಗ್ಗೆ 9ಕ್ಕೆ, ಅದೇ ಕಂಬದ ಪಕ್ಕ

ನಾನು ಅರಸೀಕೆರೆ ಕಡೆಯವಳು. ಅಪ್ಪ ಮೇಸ್ತ್ರಿ. ಸಿವಿಲ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನಲ್ಲಿ ಆರು ವರ್ಷ ಸೈಟ್ ಇಂಜಿನಿಯರ್ ಆಗಿದ್ದೆ. ಮದುವೆಯಾಗಿ, ಅಲ್ಲಿ ಕೆಲಸದಲ್ಲಿರುವವರ ಹೆಂಡತಿಗೆ ಕೊಡುವ ಎಚ್-4 ವೀಸಾದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್‌ವ್ಯೂಗೆ ಬಂದಾಗ ಕೆಲಸ ಮಾಡುವ ಹಾಗಿರಲಿಲ್ಲ. ಮನೆಯಿಂದ ಹತ್ತು ನಿಮಿಷ ನಡೆದರೆ ಡೌನ್‌ಟೌನ್. ಅಲ್ಲಿ ಎತ್ತ ತಿರುಗಿದರೂ ಕ್ರೇನ್. ಒಮ್ಮೆ ಸೈಟಿನ ಧೂಳು ಕುಡಿದವರಿಗೆ ಅದರ ಮುಂದೆ ಸುಮ್ನೆ ನಡೆದು ಹೋಗುವುದಕ್ಕೆ ಆಗುವುದಿಲ್ಲ. 2021ರಲ್ಲಿ ಒಂದು ಹೊಸ ಆಫೀಸ್ ಗೋಪುರಕ್ಕೆ ಬೇಲಿ ಹಾಕಿದರು. ಗುಂಡಿ ತೆಗೆಯುವುದರಿಂದ ಹಿಡಿದು ಕೊನೆಯ ಗಾಜು ಕೂರುವವರೆಗೆ ಅದನ್ನು ವಾರವಾರವೂ ನೋಡಿದೆ. ಹೇಗೆ ನೋಡಿದೆ, ಏನೇನು ಕಂಡೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಊರಲ್ಲೂ ಯಾವುದೋ ಒಂದು ಕಟ್ಟಡ ಏಳುತ್ತಲೇ ಇರುತ್ತದೆ ಅಲ್ವಾ.

ಮೊದಲು ಊರಿನ ವಿಷಯ. ವಾಷಿಂಗ್ಟನ್ ಸರೋವರದ ಆ ದಡದಲ್ಲಿ ಸಿಯಾಟಲ್, ಈ ದಡದಲ್ಲಿ ಬೆಲ್‌ವ್ಯೂ. 1940ರಲ್ಲಿ ಸರೋವರದ ಮೇಲೆ ತೇಲುವ ಸೇತುವೆ ಬಂದ ಮೇಲೆ ಈ ಕಡೆ ಮನೆಗಳು ಬೆಳೆದವು, 1953ರಲ್ಲಿ ಇದು ನಗರ ಅನ್ನಿಸಿಕೊಂಡಿತು. ಕಾರಿಗೆ ಅಂತಲೇ ಮಾಡಿದ ಊರು, ಡೌನ್‌ಟೌನಿನ ಒಂದೊಂದು ಬ್ಲಾಕೂ 600 ಅಡಿ ಉದ್ದ, ನಡೆಯುವವರಿಗೆ ಮುಗಿಯುವುದೇ ಇಲ್ಲ. 2017ರಲ್ಲಿ ನಡು ಡೌನ್‌ಟೌನಿನ ಎತ್ತರದ ಮಿತಿಯನ್ನು 450 ಅಡಿಯಿಂದ 600ಕ್ಕೆ ಏರಿಸಿದರು. ಆಮೇಲೆ ಶುರುವಾಗಿದ್ದು ಈ ಕ್ರೇನುಗಳ ಕಾಡು.

ಇಲ್ಲೊಂದು ಲೆಕ್ಕ ಹೇಳಬೇಕು. 2009ರ ಆಸುಪಾಸಿನಲ್ಲಿ ಮುಗಿದ ಬೆಲ್‌ವ್ಯೂ ಟವರ್ಸ್ ಅಂತ ಜೋಡಿ ವಸತಿ ಗೋಪುರಗಳಿವೆ. ಅದರಲ್ಲಿ ಒಂದಕ್ಕೆ 43 ಮಹಡಿ, ಎತ್ತರ 450 ಅಡಿ. ಅಮೆಜಾನ್ ಕಟ್ಟಿಸಿದ, ಬೆಲ್‌ವ್ಯೂ 600 ಅನ್ನುವ ಆಫೀಸ್ ಗೋಪುರಕ್ಕೂ 43 ಮಹಡಿಯೇ, ಆದರೆ ಎತ್ತರ 600 ಅಡಿ. ಮನೆಗಳಾದರೆ ಮಹಡಿಗೆ ಹತ್ತಡಿ ಚಿಲ್ಲರೆ ಸಾಕು. ಆಫೀಸಿಗೆ ಹದಿನಾಲ್ಕು ಬೇಕು, ಯಾಕಂದರೆ ಮೇಲ್ಛಾವಣಿ ಕೆಳಗೆ ಗಾಳಿಯ ಕೊಳವೆ, ವೈರು, ನೀರಿನ ಪೈಪು ಎಲ್ಲ ಹೋಗಬೇಕು. ಇದು ಗೊತ್ತಿದ್ದರೆ ಬರೀ ಎರಡು ಮಹಡಿ ಎದ್ದಾಗಲೇ ಇದು ಮನೆಯಾ ಆಫೀಸಾ ಅಂತ ರಸ್ತೆಯಲ್ಲಿ ನಿಂತು ಹೇಳಬಹುದು. ನಾನು ನೋಡಿದ್ದು ಅಮೆಜಾನಿನದ್ದಲ್ಲ, ಅಲ್ಲಿಂದ ಸ್ವಲ್ಪ ದೂರದ ಇಪ್ಪತ್ತೈದು ಮಹಡಿಯದು.

ಮೊದಲ ಎರಡು ತಿಂಗಳ ಫೋಟೊಗಳು ಕೆಲಸಕ್ಕೆ ಬರಲಿಲ್ಲ. ಒಂದು ದಿನ ಬಸ್ ಸ್ಟಾಪಿನಿಂದ, ಒಂದು ದಿನ ಕಾಫಿ ಅಂಗಡಿ ಮುಂದಿನಿಂದ ತೆಗೆದಿದ್ದೆ. ಒಂದಕ್ಕೊಂದು ಹೋಲಿಸುವ ಹಾಗೇ ಇರಲಿಲ್ಲ. ಆಮೇಲೆ ಎದುರಿನ ಫುಟ್‌ಪಾತಿನಲ್ಲಿ ಒಂದು ದೀಪದ ಕಂಬ ಆರಿಸಿಕೊಂಡೆ. ಅದಕ್ಕೆ ಎಡ ಭುಜ ತಾಗಿಸಿ ನಿಲ್ಲುವುದು, ಫೋನು ಗದ್ದದ ಎತ್ತರಕ್ಕೆ ಹಿಡಿಯುವುದು, ಪಕ್ಕದ ಹಳೇ ಕಟ್ಟಡದ ಮೂಲೆ ಚಿತ್ರದ ಬಲ ಅಂಚಿಗೆ ಸರಿಯಾಗಿ ಬರುವ ಹಾಗೆ ನೋಡಿಕೊಳ್ಳುವುದು. ಶನಿವಾರ ಬೆಳಿಗ್ಗೆ 9ಕ್ಕೇ ಹೋಗುತ್ತಿದ್ದೆ. ಈ ನಗರದಲ್ಲಿ ಕಟ್ಟಡ ಕೆಲಸದ ಸದ್ದಿಗೆ ಹೊತ್ತು ಗೊತ್ತುಮಾಡಿದ್ದಾರೆ: ವಾರದ ದಿನ ಬೆಳಿಗ್ಗೆ 7ರಿಂದ ಸಂಜೆ 6, ಶನಿವಾರ 9ರಿಂದ 6, ಭಾನುವಾರ ಇಲ್ಲ. ಹಾಗಾಗಿ ಶನಿವಾರ 9ಕ್ಕೆ ನಿಂತರೆ ಆ ದಿನದ ಕೆಲಸ ಶುರುವಾಗುವುದೇ ಕಣ್ಣಿಗೆ ಬೀಳುತ್ತದೆ. ಮೊದಲ ಯಂತ್ರ ಗುರ್ ಅನ್ನುವುದು, ಮೊದಲ ಲಾರಿ ಗೇಟಿಗೆ ಬರುವುದು, ಬಾವುಟ ಹಿಡಿದವರು ರಸ್ತೆ ನಿಲ್ಲಿಸುವುದು.

ಜೊತೆಗೆ ಒಂದು ನೋಟ್‌ಬುಕ್. ತಾರೀಕು, ಹವಾಮಾನ, ಏನು ಬಂತು, ಏನು ಹೋಯಿತು. ನಗರದವರು ಪರವಾನಗಿಗಳ ಪಟ್ಟಿಯನ್ನು ಹಾಕುತ್ತಾರೆ, ಯಾರು ಬೇಕಾದರೂ ಓದಬಹುದು. ಅಗೆಯುವುದಕ್ಕೆ ಒಂದು, ಗೋಡೆ ನಿಲ್ಲಿಸುವುದಕ್ಕೆ ಒಂದು, ಕಟ್ಟಡಕ್ಕೆ ಒಂದು, ರಸ್ತೆ ಮುಚ್ಚುವುದಕ್ಕೆ ಇನ್ನೊಂದು. ಅದನ್ನು ಓದಿಕೊಂಡು ಹೋದರೆ ಮುಂದಿನ ತಿಂಗಳು ಏನಾಗುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಸೈಟಿನಲ್ಲಿ ಕೆಲಸ ಮಾಡುತ್ತಿದ್ದಾಗಲೂ ನನಗೆ ಇಷ್ಟು ಮಾಹಿತಿ ಕೈಗೆ ಸಿಕ್ಕಿರಲಿಲ್ಲ.

ಇನ್ನು ಗುಂಡಿ. ಜನ ಏಳುವ ಮಹಡಿ ನೋಡುತ್ತಾರೆ. ನನಗೆ ಜಾಸ್ತಿ ನೋಡಬೇಕು ಅನ್ನಿಸಿದ್ದು ಇಳಿಯುವ ಗುಂಡಿ, ಅದಕ್ಕೆ ಕಾರಣ ಇದೆ. ಬೆಂಗಳೂರಿನಲ್ಲಿ ನನ್ನ ಎರಡನೇ ಸೈಟಿನಲ್ಲಿ, ಎರಡು ಬೇಸ್‌ಮೆಂಟಿಗೆ ಅಂತ ಕೆಂಪು ಮಣ್ಣನ್ನು ನೆಟ್ಟಗೆ ಕತ್ತರಿಸಿ ಹಾಗೇ ಬಿಟ್ಟಿದ್ದರು. ತಡೆಗೋಡೆ ಮಾಡೋಣ ಅಂತ ನಾನು ಹೇಳಿದ್ದೆ. ಮಳೆಗೆ ಮೊದಲು ಪಾಯ ಮುಗಿಯುತ್ತದೆ ಬಿಡಿ ಅಂದರು. ಮಳೆ ಮೊದಲು ಬಂತು. ಒಂದು ಮಧ್ಯಾಹ್ನ ಪಕ್ಕದ ಮನೆಯ ಕಾಂಪೌಂಡ್ ಗೋಡೆ, ಅವರ ತೆಂಗಿನ ಮರ ಸಮೇತ ಗುಂಡಿಗೆ ಇಳಿಯಿತು. ಊಟದ ಹೊತ್ತು, ಕೆಳಗೆ ಯಾರೂ ಇರಲಿಲ್ಲ. ಹತ್ತು ನಿಮಿಷ ಮುಂಚೆ ಅಲ್ಲಿ ಒಂಬತ್ತು ಜನ ಕಂಬಿ ಕಟ್ಟುತ್ತಿದ್ದರು. ಅವರ ನೀರಿನ ಕೊಡ ಮಣ್ಣಿನಡಿ ಹೋಯಿತು. ಆ ಕೊಡ ನಾನು ಮರೆತಿಲ್ಲ.

ಹಾಗಾಗಿ ಇಲ್ಲಿ ಹೇಗೆ ಮಾಡುತ್ತಾರೆ ಅಂತ ಬೇಲಿಯ ಕಿಂಡಿಗೆ ಕಣ್ಣಿಟ್ಟು ನೋಡಿದೆ. ಮಣ್ಣು ತೆಗೆಯುವ ಮೊದಲೇ ಸೈಟಿನ ಅಂಚಿನುದ್ದಕ್ಕೂ ಆಳವಾದ ತೂತು ಕೊರೆದು, ಅದರಲ್ಲಿ ಕಬ್ಬಿಣದ ತೊಲೆ ನಿಲ್ಲಿಸಿ ಕಾಂಕ್ರೀಟ್ ತುಂಬುತ್ತಾರೆ. ಆಮೇಲೆ ನಾಲ್ಕೈದು ಅಡಿ ಅಗೆಯುವುದು, ತೊಲೆಗಳ ನಡುವೆ ದಪ್ಪ ಮರದ ಹಲಗೆ ಕೂರಿಸುವುದು, ಮತ್ತೆ ಅಗೆಯುವುದು. ಸ್ವಲ್ಪ ಇಳಿದ ಮೇಲೆ ಗೋಡೆಯಿಂದ ಹೊರಕ್ಕೆ, ರಸ್ತೆಯ ಕೆಳಗಿನ ಮಣ್ಣಿಗೆ ಓರೆಯಾಗಿ ಉದ್ದ ತೂತು ಕೊರೆದು, ಉಕ್ಕಿನ ಹಗ್ಗ ತೂರಿಸಿ, ಸಿಮೆಂಟ್ ಹಾಲು ತುಂಬುತ್ತಾರೆ. ಅದು ಗಟ್ಟಿಯಾದ ಮೇಲೆ ಜಾಕ್ ಹಾಕಿ ಎಳೆದು ಬಿಗಿದು, ಸಡಿಲವಾಗದ ಹಾಗೆ ಹಿಡಿಸುತ್ತಾರೆ. ಟೈಬ್ಯಾಕ್ ಅಂತಾರೆ. ಒಂದೊಂದನ್ನೂ ಎಳೆದು ನೋಡಿ, ಬರೆದುಕೊಂಡು, ಆಮೇಲೆಯೇ ಅದರ ಕೆಳಗಿನ ಮಣ್ಣಿಗೆ ಕೈ ಹಾಕುತ್ತಾರೆ. ಒಂದು ಶನಿವಾರ ಇಡೀ ಬೆಳಿಗ್ಗೆ ಒಬ್ಬರು ಒಂದೇ ಟೈಬ್ಯಾಕಿನ ಮುಂದೆ ಕೂತಿದ್ದರು. ಜಾಕಿನ ಮುಳ್ಳು ನೋಡುವುದು, ಬರೆಯುವುದು, ಮತ್ತೆ ನೋಡುವುದು. ಮಳೆ ಬರುತ್ತಿತ್ತು, ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿಕೊಂಡಿದ್ದರು. ನಾನು ಆ ಕಂಬದ ಹತ್ತಿರ ಒಂದು ಗಂಟೆಗಿಂತ ಜಾಸ್ತಿ ನಿಂತಿದ್ದು ಅವತ್ತು ಮಾತ್ರ.

ಇಲ್ಲಿನ ಮಣ್ಣೂ ಹಾಗಿದೆ. ಹದಿನೈದು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಈ ನೆಲದ ಮೇಲೆ ಸುಮಾರು 3,000 ಅಡಿ ದಪ್ಪದ ಮಂಜುಗಡ್ಡೆ ಕೂತಿತ್ತು. ಅದು ಒತ್ತಿದ ಮಣ್ಣು, ಜಲ್ಲಿ, ಜೇಡಿ ಎಲ್ಲ ಸೇರಿ ಕಾಂಕ್ರೀಟಿನ ಹಾಗೆ ಬಿಗಿದುಕೊಂಡಿದೆ. ಬೂದು ಬಣ್ಣ, ಯಂತ್ರದ ಹಲ್ಲಿನ ಗೆರೆ ಹಾಗೇ ಉಳಿಯುತ್ತಿತ್ತು. ಅಷ್ಟು ಗಟ್ಟಿ ಮಣ್ಣಿದ್ದರೂ ಹಲಗೆ, ಹಗ್ಗ ಯಾವುದನ್ನೂ ಬಿಡಲಿಲ್ಲ.

ಅಪ್ಪ ವಿಡಿಯೊ ಕಾಲಿನಲ್ಲಿ ಪ್ರತಿ ವಾರ ಕೇಳೋರು, "ಪಾಯ ಎಷ್ಟು ಅಡಿ ಆಯ್ತು ಪುಟ್ಟಾ?"

"ಇನ್ನೂ ಇಳೀತಾನೇ ಇದಾರೆ ಅಪ್ಪ. ಕೆಲಸ ಇನ್ನೂ ಶುರುನೇ ಆಗಿಲ್ಲ ಅನ್ಸುತ್ತೆ."

"ಹಂಗನ್ಬೇಡ. ಅದೇ ಕೆಲಸ. ಮೇಲ್ಗಡೇದು ಯಾರ್ ಬೇಕಾದ್ರೂ ಮಾಡ್ತಾರೆ."

ಪಾಯದ ಕಾಂಕ್ರೀಟ್ ಹಾಕಿದ್ದು ಒಂದು ರಾತ್ರಿ, ಅದಕ್ಕೆ ಬೇರೆ ಅನುಮತಿ ಪಡೆದು. ರಸ್ತೆ ಮುಚ್ಚುವ ಪರವಾನಗಿ ಪಟ್ಟಿಯಲ್ಲಿ ಕಂಡಿತ್ತು, ಗಂಡನನ್ನೂ ಎಬ್ಬಿಸಿಕೊಂಡು ಹೋದೆ. ಮಿಕ್ಸರ್ ಲಾರಿಗಳು ಬ್ಲಾಕ್ ಸುತ್ತ ಸಾಲು ನಿಂತಿದ್ದವು, ಒಂದು ಖಾಲಿಯಾಗಿ ಹೊರಡುವಷ್ಟರಲ್ಲಿ ಇನ್ನೊಂದು ಹಿಂದಕ್ಕೆ ಬರುತ್ತಿತ್ತು. ಇಂಥ ದಪ್ಪ ಪಾಯದಲ್ಲಿ ನಡುವೆ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಹಳೆಯದು ಹೊಸದು ಬೆಸೆಯುವುದಿಲ್ಲ. ಮಾರನೇ ದಿನ ನೋಡಿದರೆ ಪಾಯಕ್ಕೆಲ್ಲ ಕಂಬಳಿ ಹೊದಿಸಿದ್ದರು! ಅಪ್ಪನಿಗೆ ತೋರಿಸಿದೆ. "ಪಾತಿ ಕಟ್ಟಿ ನೀರು ನಿಲ್ಲಿಸೋದು ಬಿಟ್ಟು ಕಂಬಳಿ ಯಾಕವ್ವಾ?" ಅಂದರು. ಕಾಂಕ್ರೀಟ್ ಗಟ್ಟಿಯಾಗುವಾಗ ಒಳಗೆ ಬಿಸಿ ಹುಟ್ಟುತ್ತದೆ, ಇಷ್ಟು ದಪ್ಪ ಇದ್ದರೆ ಆ ಬಿಸಿ ಹೊರಗೆ ಬರುವುದಕ್ಕೆ ದಿನಗಟ್ಟಲೆ ಬೇಕು. ಒಳಗೆ ಕುದಿಯುತ್ತಾ ಹೊರಗೆ ಮಾತ್ರ ಚಳಿಗೆ ತಣ್ಣಗಾದರೆ ಮೇಲ್ಮೈ ಬಿರುಕು ಬಿಡುತ್ತದೆ. ಅದಕ್ಕೆ ಹೊರಗೂ ಬೆಚ್ಚಗಿಡಬೇಕು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾಣಂತಿ ಇದ್ದ ಹಾಗೆ ಅಂದರು.

ಆಮೇಲೆ ಎಲ್ಲ ಬೇಗ ಬೇಗ. ನಡುವಿನ ಕಾಂಕ್ರೀಟ್ ಕೋರ್, ಅಂದರೆ ಲಿಫ್ಟು, ಮೆಟ್ಟಿಲುಗಳ ಸುತ್ತಿನ ಗೋಡೆ, ಮುಂದೆ ಮುಂದೆ ಏರುತ್ತಿತ್ತು, ಅದರ ಮೋಲ್ಡ್ ತಾನೇ ಜಾಕಿನ ಮೇಲೆ ಹತ್ತಿಕೊಳ್ಳುತ್ತದೆ. ಹಿಂದೆ ಉಕ್ಕಿನ ತೊಲೆ, ಅದರ ಮೇಲೆ ತಗಡು, ಅದರ ಮೇಲೆ ಸ್ಲಾಬ್. ಇನ್ನೂ ಕೆಳಗೆ ಗಾಜು. ನಮ್ಮಲ್ಲಿಯ ಹಾಗೆ ಸೆಂಟ್ರಿಂಗ್ ಕಂಬಗಳ ಕಾಡು ಇಲ್ಲ. ಮಹಡಿ ಎಣಿಸುವಾಗ ನಾನು ಮೂರು ಅಂಕಿ ಬರೆಯುತ್ತಿದ್ದೆ: ಕೋರ್ ಎಷ್ಟು, ಉಕ್ಕು ಎಷ್ಟು, ಗಾಜು ಎಷ್ಟು. ಮೂರರ ನಡುವಿನ ಅಂತರ ನೋಡಿದರೆ ಸೈಟು ಸರಿಯಾಗಿ ಓಡುತ್ತಿದೆಯಾ, ಯಾರು ಯಾರಿಗೆ ಕಾಯುತ್ತಿದ್ದಾರೆ ಅಂತ ತಿಳಿಯುತ್ತದೆ. ಕೊನೆಯ ತೊಲೆ ಮೇಲೆ ಹೋಗುವ ದಿನ ಅದಕ್ಕೆ ಒಂದು ಪುಟ್ಟ ಹಸಿರು ಮರ, ಒಂದು ಬಾವುಟ ಕಟ್ಟಿದರು. ಇದು ಇಲ್ಲಿನ ಉಕ್ಕಿನ ಕೆಲಸದವರ ಪದ್ಧತಿ. ನಮ್ಮಲ್ಲಿ ಬೂದುಗುಂಬಳಕಾಯಿ, ದೃಷ್ಟಿಗೊಂಬೆ ಕಟ್ಟುತ್ತೇವಲ್ಲ, ನನಗೆ ಅದೇ ನೆನಪಾಗಿ ಕಣ್ಣು ತುಂಬಿತು.

ಕ್ರೇನಿನ ವಿಷಯ ಬಿಡುವ ಹಾಗಿಲ್ಲ. 2006ರ ನವೆಂಬರ್ 16ರಂದು ಇದೇ ಡೌನ್‌ಟೌನಿನ 108ನೇ ಅವೆನ್ಯೂನಲ್ಲಿ 210 ಅಡಿಯ ಟವರ್ ಕ್ರೇನ್ ಬಿತ್ತು. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ತನ್ನ ಪಾಡಿಗೆ ತಾನು ಮನೆಯಲ್ಲಿದ್ದ ಒಬ್ಬ ಯುವಕ ಸತ್ತ. ಕ್ರೇನ್ ನಿಂತಿದ್ದು ಎಂದಿನ ಕಾಂಕ್ರೀಟ್ ಪಾಯದ ಮೇಲಲ್ಲ, ಕಬ್ಬಿಣದ ತೊಲೆಗಳ ಚೌಕಟ್ಟಿನ ಮೇಲೆ, ಅದಕ್ಕೆ ಅಷ್ಟು ಶಕ್ತಿ ಇರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು. ಮರುವರ್ಷ ರಾಜ್ಯ ಸರ್ಕಾರ ಕ್ರೇನ್ ಪರೀಕ್ಷೆಗೆ, ಓಡಿಸುವವರ ಅರ್ಹತೆಗೆ ಕಾನೂನು ತಂದಿತು. ಮತ್ತೆ 2019ರ ಏಪ್ರಿಲ್ 27ರಂದು ಸಿಯಾಟಲ್‌ನಲ್ಲಿ ಕ್ರೇನ್ ಬಿಚ್ಚುವಾಗ, ತುಂಡುಗಳನ್ನು ಜೋಡಿಸಿದ್ದ ಪಿನ್ನುಗಳನ್ನು ಮೊದಲೇ ತೆಗೆದುಬಿಟ್ಟಿದ್ದಕ್ಕೆ ಗಾಳಿಗೆ ಕುಸಿದು ನಾಲ್ಕು ಜನ ಹೋದರು. ಇಬ್ಬರು ಕ್ರೇನಿನವರು, ಇಬ್ಬರು ಕೆಳಗೆ ರಸ್ತೆಯಲ್ಲಿ ಕಾರಿನಲ್ಲಿದ್ದವರು. ನನ್ನ ಗೋಪುರದ ಕ್ರೇನ್ ಬಿಚ್ಚುವ ವಾರ ನಾನು ಕಂಬದ ಹತ್ತಿರ ಹೋಗಲಿಲ್ಲ, ಎರಡು ಬ್ಲಾಕ್ ಆಚೆ ನಿಂತೆ. ನೀವೂ ಹಾಗೇ ಮಾಡಿ. ಒಂದೊಂದು ತುಂಡು ಲಾರಿಗೆ ಇಳಿದಾಗಲೂ ಉಸಿರು ಬಿಡುತ್ತಿದ್ದೆ.

ಎಲ್ಲಕ್ಕಿಂತ ಕೊನೆಗೆ ಮುಚ್ಚಿದ್ದು ಹೊರಗಿನ ಲಿಫ್ಟಿನ ಜಾಗ. ಕೆಲಸದವರು, ಸಾಮಾನು ಹತ್ತಿ ಇಳಿಯುವ ಲಿಫ್ಟು ಗೋಡೆಗೆ ತಾಗಿಕೊಂಡಿರುತ್ತದೆ, ಅದರ ಹಿಂದೆ ಕೆಳಗಿನಿಂದ ಮೇಲಿನವರೆಗೆ ಗಾಜಿಲ್ಲದ ಒಂದು ಪಟ್ಟಿ. ಉಳಿದ ಕಟ್ಟಡ ಹೊಳೆಯುತ್ತಿದ್ದರೂ ಆ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಒಳಗಿನ ಸ್ಲಾಬು, ತಂತಿ, ಬೆಳಕು ಕಾಣುತ್ತಿದ್ದವು. ಅದು ಮುಚ್ಚಿದ ಶನಿವಾರ ನನ್ನ ಕೊನೆಯ ಫೋಟೊ ತೆಗೆದೆ.

ಊರಿಗೆ ಹೋದಾಗ ಎಲ್ಲ ಫೋಟೊಗಳನ್ನೂ ಟಿವಿಗೆ ಹಾಕಿ ಅಪ್ಪನಿಗೆ ತೋರಿಸಿದೆ. ಉಕ್ಕು, ಗಾಜು ಬಂದಾಗ ತಲೆ ಆಡಿಸಿದರು. ಮತ್ತೆ ಹಿಂದಕ್ಕೆ ಹೋಗು ಅಂದರು. ಹಲಗೆ ಗೋಡೆ, ಟೈಬ್ಯಾಕಿನ ತಲೆಗಳು ಸಾಲಾಗಿ ಕಾಣುವ ಚಿತ್ರಕ್ಕೆ ಬಂದು ನಿಲ್ಲಿಸಿದರು.

"ಈ ಗೋಡೆ ಆಮೇಲೆ ಏನಾಯ್ತು?"

"ಅಲ್ಲೇ ಇದೆ ಅಪ್ಪ. ಪಾರ್ಕಿಂಗಿನ ಕಾಂಕ್ರೀಟ್ ಗೋಡೆ ಹಿಂದೆ. ಹಗ್ಗನೂ ಸಡಿಲ ಮಾಡಿ ರಸ್ತೆ ಕೆಳಗೇ ಬಿಟ್ಟಿದಾರೆ."

ಅಪ್ಪ ಎದ್ದು ಟಿವಿ ಹತ್ತಿರ ಹೋಗಿ ಒಂದೊಂದೇ ತೊಲೆ ಎಣಿಸಿದರು.