ಟೈಮ್‌ಸ್ಟ್ಯಾಂಪ್ ಎಷ್ಟು ಸೂಕ್ಷ್ಮವಾಗಿರಬೇಕು, ಅದನ್ನು ಎಲ್ಲಿ ಹಾಕಬೇಕು

ಮಲ್ಪೆ ಬಂದರಿನ ಟ್ರಾಲ್ ಬೋಟೊಂದರ ಡೀಸೆಲ್ ಎಂಜಿನ್ನಿನ ಕಂಪನವನ್ನು ದಾಖಲಿಸುವ ಸಾಧನಕ್ಕೆ ಸಾಫ್ಟ್‌ವೇರ್ ಬರೆಯಬೇಕಾಗಿದೆ ಎಂದಿಟ್ಟುಕೊಳ್ಳೋಣ. ಪ್ರತಿ ಅಳತೆಯ ಜೊತೆಗೆ ಅದು ನಡೆದ ಗಳಿಗೆಯನ್ನೂ, ಅಂದರೆ ಟೈಮ್‌ಸ್ಟ್ಯಾಂಪನ್ನೂ, ಬರೆದಿಡಬೇಕು. ಎಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗುತ್ತಿದ್ದರೆ ಕ್ರ್ಯಾಂಕ್ ಶಾಫ್ಟ್ ಒಂದು ಡಿಗ್ರಿ ತಿರುಗಲು ಸುಮಾರು 93 ಮೈಕ್ರೋಸೆಕೆಂಡು ಸಾಕು. ಆರ್‌ಟಿಒಎಸ್‌ನ (ಸಣ್ಣ ಸಾಧನಗಳಲ್ಲಿ ಕೆಲಸಗಳನ್ನು ಸಮಯಕ್ಕೆ ಸರಿಯಾಗಿ ನಡೆಸುವ ಆಪರೇಟಿಂಗ್ ಸಿಸ್ಟಮ್) 1 ಮಿಲಿಸೆಕೆಂಡಿನ ಟಿಕ್ಕನ್ನೇ ಸಮಯವೆಂದು ಬರೆದಿಟ್ಟರೆ ಅಷ್ಟರಲ್ಲಿ ಶಾಫ್ಟ್ ಹತ್ತು ಡಿಗ್ರಿಗಿಂತ ಹೆಚ್ಚು ತಿರುಗಿರುತ್ತದೆ. ಆದುದರಿಂದ ರೆಸಲ್ಯೂಷನ್ನನ್ನು, ಅಂದರೆ ಸಮಯದ ಅತಿ ಸಣ್ಣ ಹೆಜ್ಜೆಯನ್ನು, ಚಿಪ್ಪಿನಿಂದಲ್ಲ, ಅಳೆಯಬೇಕಾದ ಘಟನೆಯಿಂದ ನಿರ್ಧರಿಸಬೇಕು. ಇಲ್ಲಿ 1 ಮೈಕ್ರೋಸೆಕೆಂಡಿನ ಟೈಮರ್ ಧಾರಾಳವಾಯಿತು.

ಆದರೆ ಅಂಕಿಗಳು ಹೆಚ್ಚಿದ ಮಾತ್ರಕ್ಕೆ ಸಮಯ ನಿಖರವಾಗುವುದಿಲ್ಲ. ಸ್ಯಾಂಪಲ್ (ಒಂದು ಅಳತೆ) ಬಂದ ಬಳಿಕ ಸಾಫ್ಟ್‌ವೇರಿನ ಟಾಸ್ಕ್‌ನೊಳಗೆ ಗಡಿಯಾರವನ್ನು ಓದಿದರೆ, ಎಸ್‌ಡಿ ಕಾರ್ಡಿನ ಬರವಣಿಗೆಯೋ ಹೆಚ್ಚಿನ ಆದ್ಯತೆಯ ಇಂಟರಪ್ಟೋ (ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಿ ನುಗ್ಗುವ ಹಾರ್ಡ್‌ವೇರ್ ಕರೆ) ತಡೆದು ನಿಲ್ಲಿಸಿದಷ್ಟು ಹೊತ್ತೂ ಆ ಟೈಮ್‌ಸ್ಟ್ಯಾಂಪಿಗೆ ಸೇರಿಕೊಳ್ಳುತ್ತದೆ. ಶಾಫ್ಟ್ ಸೆನ್ಸರಿನ ಪಲ್ಸನ್ನು ಟೈಮರಿನ ಇನ್‌ಪುಟ್ ಕ್ಯಾಪ್ಚರ್ ಪಿನ್ನಿಗೆ ಕೊಡಿ. ಪಲ್ಸ್ ಬಂದ ಗಳಿಗೆಯಲ್ಲೇ ಹಾರ್ಡ್‌ವೇರ್ ಕೌಂಟರಿನ ಬೆಲೆಯನ್ನು ಹಿಡಿದಿಡುತ್ತದೆ. ಕಂಪನದ ಎಡಿಸಿಯನ್ನು (ಸಂಕೇತವನ್ನು ಅಂಕಿಗಳಾಗಿ ಬದಲಿಸುವ ಭಾಗ) ಅದೇ ಕ್ಲಾಕಿನಿಂದ ನಡೆಯುವ ಟೈಮರ್ ಪ್ರಚೋದಿಸಲಿ, ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ದತ್ತಾಂಶವನ್ನು ಮೆಮೊರಿಗೆ ಸಾಗಿಸುವ ಭಾಗ) ಬಫರನ್ನು ತುಂಬಲಿ. ಆಗ ಪ್ರತಿ ಬಫರಿನ ಮೊದಲ ಸ್ಯಾಂಪಲಿನ ಸಮಯ ಗೊತ್ತಿದ್ದರೆ ಉಳಿದವುಗಳದ್ದು ಲೆಕ್ಕದಿಂದಲೇ ಸಿಗುತ್ತದೆ.

ಹೆಚ್ಚಿನ ಎಚ್ಚರ ಬೇಕಾದದ್ದು ಓವರ್‌ಫ್ಲೋ, ಅಂದರೆ ಕೌಂಟರ್ ತುಂಬಿ ಮತ್ತೆ ಸೊನ್ನೆಯಾಗುವ ವಿಷಯದಲ್ಲಿ. 16 ಬಿಟ್ಟಿನ ಕೌಂಟರ್ 1 ಮೈಕ್ರೋಸೆಕೆಂಡಿನ ಹೆಜ್ಜೆಯಲ್ಲಿ 65.536 ಮಿಲಿಸೆಕೆಂಡಿಗೊಮ್ಮೆ ಸೊನ್ನೆಗೆ ಮರಳುತ್ತದೆ; 32 ಬಿಟ್ಟಿನದಾದರೂ ಸುಮಾರು 71 ನಿಮಿಷ 35 ಸೆಕೆಂಡಿಗೆ ಮರಳುತ್ತದೆ. ಮರಳಿದ ಸಲಗಳನ್ನು ಎಣಿಸಿ ಮೇಲಿನ ಬಿಟ್ಟುಗಳಾಗಿ ಸೇರಿಸುವುದು ರೂಢಿ. 16 ಬಿಟ್ಟಿನ ಕೌಂಟರ್ ಆಗಷ್ಟೇ ಸೊನ್ನೆ ದಾಟಿ, ಅದರ ಬೆಲೆ 3 ಇರುವಾಗ ಪಲ್ಸ್ ಹಿಡಿಯಲ್ಪಟ್ಟು, ಓವರ್‌ಫ್ಲೋ ಇಂಟರಪ್ಟ್ ಇನ್ನೂ ಸರದಿಯಲ್ಲೇ ಇದ್ದರೆ ಹಳೆಯ ಎಣಿಕೆಯೇ ಸೇರಿ ಸಮಯ 65.536 ಮಿಲಿಸೆಕೆಂಡು ಹಿಂದಕ್ಕೆ ಜಿಗಿಯುತ್ತದೆ. ಆದ್ದರಿಂದ ಕ್ಯಾಪ್ಚರ್ ಇಂಟರಪ್ಟಿನಲ್ಲಿ ಓವರ್‌ಫ್ಲೋ ಫ್ಲ್ಯಾಗನ್ನು (ಕೌಂಟರ್ ಮರಳಿದೆ ಎಂದು ಹಾರ್ಡ್‌ವೇರ್ ಹಾಕುವ ಗುರುತು) ನೋಡಿ; ಅದು ಎದ್ದಿದ್ದು, ಹಿಡಿದ ಬೆಲೆ ಕೌಂಟರಿನ ಅರ್ಧಕ್ಕಿಂತ, ಅಂದರೆ 32768ಕ್ಕಿಂತ, ಕಡಿಮೆಯಿದ್ದರೆ ಮಾತ್ರ ಎಣಿಕೆಗೆ ಒಂದನ್ನು ಕೂಡಿಸಿಕೊಳ್ಳಿ. ಅಪರೂಪಕ್ಕೆ ಕಾಣಿಸಿಕೊಳ್ಳುವ ದೋಷವಾದ್ದರಿಂದ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಇದು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ.

ಸಮಯವನ್ನು 64 ಬಿಟ್ಟಿನ ಪೂರ್ಣಾಂಕವಾಗಿಯೇ ಉಳಿಸಿ. ಇಂದಿನ ಯುನಿಕ್ಸ್ ಸಮಯವನ್ನು (1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು) 32 ಬಿಟ್ಟಿನ ಫ್ಲೋಟಿನಲ್ಲಿ (ದಶಮಾಂಶ ಸಂಖ್ಯೆಯ ರೂಪ) ಇಟ್ಟರೆ ಅಕ್ಕಪಕ್ಕದ ಎರಡು ಬೆಲೆಗಳ ಅಂತರವೇ 128 ಸೆಕೆಂಡು. ಲಿನಕ್ಸ್ ಬೋರ್ಡಾದರೆ ಅಂತರ ಅಳೆಯಲು ಮೊನೊಟಾನಿಕ್ (ಎಂದೂ ಹಿಂದಕ್ಕೆ ಹೋಗದ) ಗಡಿಯಾರವನ್ನು ಬಳಸಬೇಕು, ಏಕೆಂದರೆ ದಿನದ ಗಡಿಯಾರವನ್ನು ತಿದ್ದಿದಾಗ ಅದು ಹಿಂದಕ್ಕೂ ಹೋಗಬಹುದು.

20 ಪಿಪಿಎಂ (ಹತ್ತು ಲಕ್ಷದಲ್ಲಿ 20 ಭಾಗ) ತಪ್ಪಿರುವ ಗಡಿಯಾರದ ಕ್ರಿಸ್ಟಲ್ ದಿನಕ್ಕೆ 1.7 ಸೆಕೆಂಡಿನಷ್ಟು ಜಾರುತ್ತದೆ, ಎಂಜಿನ್ ಕೋಣೆಯ ಸೆಕೆಯಲ್ಲಿ ಈ ಜಾರಿಕೆಯೂ ಒಂದೇ ಸಮನಾಗಿರುವುದಿಲ್ಲ. ದಿನಗಟ್ಟಲೆ ಕಡಲಲ್ಲಿರುವ ಬೋಟಿಗೆ ಮೊಬೈಲ್ ನೆಟ್‌ವರ್ಕ್ ಸಿಗದಿದ್ದರೂ ಜಿಪಿಎಸ್ ಸಿಗುತ್ತದೆ. ಅದರ ಸೆಕೆಂಡಿಗೊಂದು ಪಲ್ಸನ್ನೂ ಅದೇ ಟೈಮರಿನ ಇನ್ನೊಂದು ಚಾನೆಲ್ಲಿನಲ್ಲಿ ಹಿಡಿದು, ಕೌಂಟರನ್ನು ಮುಟ್ಟದೆ, ಕೌಂಟರಿನ ಮತ್ತು ಜಿಪಿಎಸ್‌ನ ಸಮಯಗಳ ಜೋಡಿಯನ್ನು ದಾಖಲಿಸಿ. ತಿದ್ದುಪಡಿಯನ್ನು ದಡಕ್ಕೆ ಬಂದ ಮೇಲೆ ಮಾಡಬಹುದು.

ಕೊನೆಗೆ ಸಿಗ್ನಲ್ ಜನರೇಟರಿನಿಂದ 1 ಕಿಲೋಹರ್ಟ್ಸ್ ಪಲ್ಸ್ ಕೊಟ್ಟು, ಎಸ್‌ಡಿ ಕಾರ್ಡಿಗೆ ಬರೆಯುವ ಕೆಲಸ ಭರದಿಂದ ನಡೆಯುತ್ತಿರುವಾಗಲೇ, ಸತತ ಟೈಮ್‌ಸ್ಟ್ಯಾಂಪುಗಳ ಅಂತರವನ್ನು ಗಂಟೆಗಟ್ಟಲೆ ಪರೀಕ್ಷಿಸಿ. ಅಂತರ 999, 1000, 1001 ಮೈಕ್ರೋಸೆಕೆಂಡುಗಳ ಆಚೆ ಹೋಗುತ್ತಿದ್ದರೆ ಸಮಯ ಇನ್ನೂ ಎಲ್ಲೋ ಸಾಫ್ಟ್‌ವೇರಿನ ದಾರಿಯಲ್ಲೇ ಸೇರಿಕೊಳ್ಳುತ್ತಿದೆ, ಅಥವಾ ಓವರ್‌ಫ್ಲೋ ಲೆಕ್ಕ ತಪ್ಪುತ್ತಿದೆ ಎಂದು ತಿಳಿದು ಅಲ್ಲಿಂದಲೇ ಹುಡುಕಬೇಕು.