ಆರಡಿ ಹಲಗೆಯ ಮೇಲೊಂದು ಶಂಟಿಂಗ್ ಯಾರ್ಡ್

ಮನೆಯಲ್ಲಿ ಮಾದರಿ ರೈಲು ಕಟ್ಟಲು ಹೊರಡುವವರಲ್ಲಿ ಹೆಚ್ಚಿನವರು ಮೊದಲು ಕೊಳ್ಳುವುದು ದುಂಡಗಿನ ಹಳಿಯ ಪೆಟ್ಟಿಗೆಯನ್ನು. ಅದನ್ನು ಹಾಸಲು ಕೋಣೆಯಲ್ಲಿ ಜಾಗವಿಲ್ಲವೆಂದು ತಿಳಿಯುವುದು ಪೆಟ್ಟಿಗೆ ಬಿಚ್ಚಿದ ಮೇಲೆ. ಎಚ್‌ಒ ಅಳತೆಯಲ್ಲಿ, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗದಷ್ಟಿರುವ ಮಾದರಿಯಲ್ಲಿ, ಸಾಮಾನ್ಯವಾಗಿ ಸಿಗುವ ತಿರುವಿನ ತ್ರಿಜ್ಯ 457 ಮಿ.ಮೀ. ರೈಲು ಒಂದು ಸುತ್ತು ಬರಬೇಕಾದರೆ ಹಲಗೆಯ ಅಗಲವೇ ಒಂದು ಮೀಟರ್ ಇರಬೇಕು. ಮಂಚದ ಮೇಲೆ ಹಾಸಿ, ಮಲಗುವ ಹೊತ್ತಿಗೆ ಬಿಚ್ಚಿಡಬೇಕಾದ ರೈಲು ಬಹುಬೇಗ ಅಟ್ಟ ಸೇರುತ್ತದೆ. ಎರಡು ಕೋಣೆಯ ಮನೆಯಲ್ಲಿ ಇರುವವರು ಸುತ್ತು ಹಳಿಯ ಆಸೆ ಬಿಟ್ಟು, ಗೋಡೆಗೆ ತಾಗಿದ ಆರಡಿ ಉದ್ದ, ಒಂದಡಿ ಅಗಲದ ಹಲಗೆಯ ಮೇಲೆ ಗೂಡ್ಸ್ ಶಂಟಿಂಗ್ ಯಾರ್ಡ್, ಅಂದರೆ ವ್ಯಾಗನ್‌ಗಳನ್ನು ಬಿಡಿಸಿ ಬೇಕಾದ ಅನುಕ್ರಮದಲ್ಲಿ ಜೋಡಿಸುವ ಅಂಗಳ, ಕಟ್ಟುವುದೇ ಸರಿಯಾದ ದಾರಿ.

ಅಳತೆಯ ಆಯ್ಕೆ

ಎಚ್‌ಒ ಹಳಿಯ ಅಗಲ 16.5 ಮಿ.ಮೀ.; 160ನೇ ಒಂದು ಭಾಗದ ಎನ್ ಅಳತೆಯಲ್ಲಿ ಅದು 9 ಮಿ.ಮೀ. ಜಾಗ ಕಡಿಮೆಯೆಂದು ಅನೇಕರು ಕಣ್ಣುಮುಚ್ಚಿ ಎನ್ ಆರಿಸುತ್ತಾರೆ. ಶಂಟಿಂಗ್ ಮಾಡುವವರಿಗೆ ನನ್ನ ಸಲಹೆ ಎಚ್‌ಒ ಮಾತ್ರ. ಎಂಜಿನ್ನಿನ ತೂಕ ಹೆಚ್ಚಿರುವುದರಿಂದ ಅದು ನಿಧಾನವಾಗಿ ಮತ್ತು ನಂಬಿಕೆಯಿಂದ ಓಡುತ್ತದೆ, ವ್ಯಾಗನ್‌ಗಳ ಕೊಂಡಿ ಬಿಡಿಸುವುದೂ ಸುಲಭ.

ಪ್ರಯಾಣಿಕರ ರೈಲು ಮಾತ್ರ ಇಲ್ಲಿ ಬೇಡ. ಸುಮಾರು 23.5 ಮೀಟರ್ ಉದ್ದದ, ಈಗಿನ ಪ್ರಯಾಣಿಕರ ರೈಲುಗಳ ಎಲ್‌ಎಚ್‌ಬಿ ಬೋಗಿ ಎಚ್‌ಒ ಅಳತೆಯಲ್ಲಿ 27 ಸೆಂ.ಮೀ. ಆಗುತ್ತದೆ. ತಿರುವಿನ ತ್ರಿಜ್ಯ ಬೋಗಿಯ ಉದ್ದದ ಮೂರರಷ್ಟಿದ್ದರೆ ಮಾತ್ರ ಅದು ನೋಡಲು ಸಹಜವಾಗಿರುತ್ತದೆ, 457 ಮಿ.ಮೀ. ತಿರುವಿನಲ್ಲಿ ಬೋಗಿಯ ಮೂಲೆಗಳು ಹೊರಚಾಚಿ, ಕೊಂಡಿಗಳು ಎಳೆದು, ಗಾಲಿ ಹಳಿ ತಪ್ಪುತ್ತದೆ. ತಿರುವು ಬೇಕೇಬೇಕು ಎನ್ನುವವರಿಗೆ ಕೋಲಾರ ಸೀಮೆಯ ಹಳೆಯ ನ್ಯಾರೋಗೇಜ್ ಒಳ್ಳೆಯ ವಸ್ತು. ಆ ಹಳಿಯ ಅಗಲ 762 ಮಿ.ಮೀ.; 87ರಿಂದ ಭಾಗಿಸಿದರೆ 8.8 ಮಿ.ಮೀ. ಬರುವುದರಿಂದ, ಎಚ್‌ಒ ಅಳತೆಯ ಪುಟ್ಟ ಬಂಡಿಗಳನ್ನು ಎನ್ ಹಳಿಯ ಮೇಲೆಯೇ ಓಡಿಸಬಹುದು.

ನಕ್ಷೆ: ಎಲ್ಲರೂ ಎಡವುವ ಜಾಗ

ಖಾಲಿ ಹಲಗೆ ಕಂಡ ಕೂಡಲೇ ಅದರ ತುಂಬ ಹಳಿ ಎಳೆಯಬೇಕೆನಿಸುವುದು ಸಹಜ. ಹಾಗೆ ಮಾಡಿದ ಯಾರ್ಡುಗಳಲ್ಲಿ ಆರು ಸೈಡಿಂಗ್ (ವ್ಯಾಗನ್ ನಿಲ್ಲಿಸುವ ಕವಲು ಹಳಿ) ಇದ್ದರೂ ಒಂದರಲ್ಲೂ ಎರಡು ವ್ಯಾಗನ್ ನೆಟ್ಟಗೆ ನಿಲ್ಲುವುದಿಲ್ಲ. ಆದ್ದರಿಂದ ರೈಲಿನ ಉದ್ದವನ್ನು ಮೊದಲು ನಿರ್ಧರಿಸಿ, ಹಳಿಯನ್ನು ಆಮೇಲೆ ಎಳೆಯಬೇಕು.

ಬ್ರಿಟನ್ನಿನ ಅಲನ್ ರೈಟ್ ರೂಪಿಸಿದ ‘ಇಂಗಲ್‌ನುಕ್ ಸೈಡಿಂಗ್ಸ್’ ಎಂಬ ವಿನ್ಯಾಸ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಇದರಲ್ಲಿ ಇರುವುದು ಎರಡೇ ಪಾಯಿಂಟ್ (ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗ), ಮೂರು ಸೈಡಿಂಗ್. ಒಂದರಲ್ಲಿ ಐದು ವ್ಯಾಗನ್, ಉಳಿದೆರಡರಲ್ಲಿ ಮೂರು ಮೂರು ನಿಲ್ಲಬೇಕು. ಎಂಜಿನ್ ಹಿಂದೆ ಮುಂದೆ ಆಡುವ ಶಂಟಿಂಗ್ ನೆಕ್‌ನಲ್ಲಿ ಎಂಜಿನ್ ಮತ್ತು ಮೂರು ವ್ಯಾಗನ್ ಹಿಡಿಸಬೇಕು. ಯಾರ್ಡಿನಲ್ಲಿ ಒಟ್ಟು ಎಂಟು ವ್ಯಾಗನ್ ಇಟ್ಟು, ಚೀಟಿ ಎತ್ತಿ ಐದನ್ನು ಆರಿಸಿ, ಚೀಟಿ ಬಂದ ಅನುಕ್ರಮದಲ್ಲೇ ಅವನ್ನು ಜೋಡಿಸುವುದು ಆಟ. ಇಂಥ 6720 ಅನುಕ್ರಮಗಳು ಸಾಧ್ಯ, ಬೇಸರವಾಗುವ ಭಯವಿಲ್ಲ. ನೆಕ್ಕನ್ನು ಇನ್ನೂ ಒಂದು ವ್ಯಾಗನ್ ಹಿಡಿಸುವಷ್ಟು ಉದ್ದ ಮಾಡಲು ಹೋಗಬೇಡಿ, ಆ ಇಕ್ಕಟ್ಟಿನಿಂದಲೇ ಆಟಕ್ಕೆ ಕಳೆ ಬರುವುದು.

ಈಗ ಲೆಕ್ಕ. ಡೀಸೆಲ್ ಎಂಜಿನ್ 20 ಸೆಂ.ಮೀ., ಕೊಂಡಿ ಸೇರಿ ಒಂದು ಸಣ್ಣ ವ್ಯಾಗನ್ 11 ಸೆಂ.ಮೀ. ಎಂದಿಟ್ಟುಕೊಂಡರೆ, ನೆಕ್‌ಗೆ 53, ಐದು ವ್ಯಾಗನ್ನಿನ ಸೈಡಿಂಗ್‌ಗೆ 55, ನಡುವಿನ ಪಾಯಿಂಟ್‌ಗಳಿಗೆ ಸುಮಾರು 45 ಸೆಂ.ಮೀ. ಬೇಕು. ಒಟ್ಟು 153 ಸೆಂ.ಮೀ. ಆರಡಿಯ ಹಲಗೆ 183 ಸೆಂ.ಮೀ. ಇರುವುದರಿಂದ ಜಾಗ ಧಾರಾಳವಾಗಿದೆ ಎನಿಸುತ್ತದೆ. ಆದರೆ ಆ ಹೆಚ್ಚುವರಿ ಜಾಗದ ಬಹುಪಾಲನ್ನು ನುಂಗುವ ಒಂದು ಸಂಗತಿಯನ್ನು ಹೊಸಬರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಸೈಡಿಂಗ್‌ನ ಉದ್ದವನ್ನು ಪಾಯಿಂಟ್‌ನ ತುದಿಯಿಂದ ಅಳೆಯಬಾರದು. ಪಾಯಿಂಟ್ ದಾಟಿದ ಮೇಲೂ ಎರಡು ಹಳಿಗಳು ಸ್ವಲ್ಪ ದೂರ ಒಂದಕ್ಕೊಂದು ಹತ್ತಿರವೇ ಇರುತ್ತವೆ. ಅಲ್ಲಿ ನಿಂತ ವ್ಯಾಗನ್ನಿನ ಮೂಲೆಗೆ ಪಕ್ಕದ ಹಳಿಯಲ್ಲಿ ಬರುವ ಎಂಜಿನ್ ಸವರಿಕೊಂಡು ಹೋಗುತ್ತದೆ. ಎರಡು ಹಳಿಗಳ ನಡುಗೆರೆಗಳ ಅಂತರ 50 ಮಿ.ಮೀ. ಆಗುವ ಕಡೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ಅಲ್ಲಿಂದಲೇ ಉದ್ದವನ್ನು ಎಣಿಸಬೇಕು. ನಿಜವಾದ ಯಾರ್ಡುಗಳಲ್ಲೂ ಇದೇ ಕಾರಣಕ್ಕೆ ಎರಡು ಹಳಿಗಳ ನಡುವೆ ಫೌಲಿಂಗ್ ಮಾರ್ಕ್ ಇರುತ್ತದೆ.

ಇದನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡಿ ನಿರ್ಧರಿಸುವುದು ಸಾಲದು. ಪಾಯಿಂಟ್‌ಗಳ ನಮೂನೆ ಚಿತ್ರಗಳನ್ನು ನಿಜ ಗಾತ್ರದಲ್ಲಿ ಮುದ್ರಿಸಿಕೊಳ್ಳಿ. ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸುವುದಾದರೆ ಹಾಳೆಗೆ ಹೊಂದಿಸುವ ಆಯ್ಕೆಯನ್ನು ತೆಗೆಸಿ ನೂರಕ್ಕೆ ನೂರು ಇಡಲು ಹೇಳಿ, ಮುದ್ರಣವಾದ ಮೇಲೆ ಸ್ಕೇಲಿನಿಂದ ಅಳೆದು ನೋಡಿ. ಸ್ವಲ್ಪವೇ ಕುಗ್ಗಿದ್ದರೂ ಇಡೀ ನಕ್ಷೆ ಸುಳ್ಳಾಗುತ್ತದೆ. ಆರಡಿ ಕಾಗದವನ್ನು ನೆಲದ ಮೇಲೆ ಹಾಸಿ, ನಮೂನೆಗಳನ್ನು ಅಂಟಿಸಿ, ಅದರ ಮೇಲೆ ನಿಮ್ಮ ವ್ಯಾಗನ್‌ಗಳನ್ನು, ಇಲ್ಲವೇ ಅದೇ ಅಳತೆಯ ರಟ್ಟಿನ ತುಂಡುಗಳನ್ನು ನಿಲ್ಲಿಸಿ, ಕೈಯಿಂದಲೇ ಒಂದು ಸಂಜೆ ಪೂರ್ತಿ ಶಂಟಿಂಗ್ ಮಾಡಿ ನೋಡಿ. ಎಲ್ಲಿ ಇಕ್ಕಟ್ಟಾಗುತ್ತದೆಂಬುದು ಹಳಿಗೆ ಹಣ ಸುರಿಯುವ ಮೊದಲೇ ತಿಳಿಯುತ್ತದೆ.

ಹಲಗೆ

12 ಮಿ.ಮೀ. ಪ್ಲೈವುಡ್, ಅಡಿಯಲ್ಲಿ ರೀಪರ್ ಚೌಕಟ್ಟು, ಎದೆಮಟ್ಟದಲ್ಲಿ ಗೋಡೆಗೆ ಬ್ರಾಕೆಟ್. ಅಗ್ಗವೆಂದು ಎಂಡಿಎಫ್ ತರಬೇಡಿ, ಮಳೆಗಾಲದ ತೇವಕ್ಕೆ ಅದು ಉಬ್ಬುತ್ತದೆ. ರಸಮಟ್ಟ ಇಟ್ಟು ಎರಡೂ ದಿಕ್ಕಿನಲ್ಲಿ ಪರೀಕ್ಷಿಸಿ. ಅತಿ ಸಣ್ಣ ಇಳಿಜಾರಿದ್ದರೂ ಬಿಡಿಸಿಟ್ಟ ವ್ಯಾಗನ್ ತಾನಾಗಿ ಉರುಳಿ ಹೋಗುತ್ತದೆ.

ಹಳಿ ಜೋಡಿಸುವುದು

ಹಿತ್ತಾಳೆಯ ಹಳಿ ಬೇಗ ಕಪ್ಪಾಗುತ್ತದೆ, ನಿಕಲ್ ಸಿಲ್ವರ್ ಹಳಿಯನ್ನೇ ಕೊಳ್ಳಿ. ಹಳಿಯನ್ನು ಕತ್ತರಿಸಿದ ಪ್ರತಿ ತುದಿಯನ್ನೂ ಸಣ್ಣ ಅರದಿಂದ ಉಜ್ಜಿ, ಒಳಅಂಚನ್ನು ತುಸು ಇಳಿಜಾರು ಮಾಡಿ. ಬೇಸಿಗೆಯ ಬಿಸಿಗೆ ಹಳಿ ಹಿಗ್ಗುವುದರಿಂದ, ಬೆಸುಗೆ ಹಾಕದ ನೇರ ಜೋಡಣೆಗಳಲ್ಲಿ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಬಿಡಬೇಕು. ಬಾಗುವ ಕಡೆ ಎರಡು ತುಂಡು ಸೇರುವುದಾದರೆ, ಮೊದಲು ನೆಟ್ಟಗಿಟ್ಟು ಬೆಸುಗೆ ಹಾಕಿ, ಆಮೇಲೆ ಬಾಗಿಸಿ. ಮೊದಲೇ ಬಾಗಿಸಿ ಸೇರಿಸಿದರೆ ಕೀಲಿನಲ್ಲಿ ಮೂಲೆ ಮೂಡುತ್ತದೆ, ಪ್ರತಿ ಸಲವೂ ಗಾಲಿ ಅಲ್ಲಿಯೇ ಇಳಿಯುತ್ತದೆ. ಕಣ್ಣಿಗೆ ಕಾಣದ ಆ ಮೂಲೆ ಬೆರಳಿಗೆ ಸಿಗುತ್ತದೆ: ಕಣ್ಣು ಮುಚ್ಚಿ ಹಳಿಯ ಒಳಅಂಚಿನ ಮೇಲೆ ಉಗುರು ಎಳೆಯಿರಿ, ಅದು ತಡೆದ ಕಡೆ ಅರ ಹಾಕಿ. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್ ಆಮ್ಲದ್ದಾದರೆ ಹಳಿಯನ್ನು ತಿನ್ನುತ್ತದೆ, ರೋಸಿನ್ ಫ್ಲಕ್ಸ್ ಸಾಕು. ಪಾಯಿಂಟ್‌ಗಳಿಗೆ ಬೆಸುಗೆ ಬೇಡ. ಕೆಟ್ಟಾಗ ಬಿಚ್ಚಿ ಬದಲಿಸುವಂತಿರಬೇಕು.

ತಂತಿ ಎಳೆಯುವುದು ಕಷ್ಟವಲ್ಲ. ಹಲಗೆಯ ಅಡಿಯಲ್ಲಿ ಕೆಂಪು, ಕಪ್ಪು ಎರಡು ದಪ್ಪ ತಂತಿಗಳನ್ನು ಉದ್ದಕ್ಕೂ ಎಳೆದು, ಪ್ರತಿ ಹಳಿ ತುಂಡಿಗೂ ಅವುಗಳಿಂದ ಸಣ್ಣ ತಂತಿ ಕೊಡಿ. ಹಳಿ ತುಂಡುಗಳನ್ನು ಕೂಡಿಸುವ ಜಾಯಿನರ್‌ಗಳು ಕರೆಂಟ್ ಸಾಗಿಸುತ್ತವೆಂದು ನಂಬಿ ಕೂರಬೇಡಿ.

ಜಲ್ಲಿ

ಎಲ್ಲ ವ್ಯಾಗನ್‌ಗಳೂ ಎಲ್ಲ ದಾರಿಗಳಲ್ಲಿ, ತಳ್ಳಿದರೂ ಎಳೆದರೂ, ಹಳಿ ತಪ್ಪದೆ ಓಡುವವರೆಗೆ ಜಲ್ಲಿ ಹಾಕಬಾರದು. ಜರಡಿ ಹಿಡಿದ ಕಲ್ಲಿನ ಪುಡಿ ಬಳಸುವವರು ಮೊದಲು ಅದರ ಮೇಲೆ ಅಯಸ್ಕಾಂತ ಆಡಿಸಬೇಕು, ಇಲ್ಲವಾದರೆ ಕಬ್ಬಿಣದ ಕಣಗಳು ಎಂಜಿನ್ನಿನ ಮೋಟಾರ್ ಸೇರುತ್ತವೆ. ಜಲ್ಲಿಯನ್ನು ಬ್ರಷ್‌ನಿಂದ ಹರಡಿ, ಸ್ಲೀಪರ್‌ಗಳ ನೆತ್ತಿ ಕಾಣುವಂತೆ ಸವರಿ, ನೀರು ಸಿಂಪಡಿಸಿ ತೇವ ಮಾಡಿ. ಬಳಿಕ ಬಿಳಿ ಅಂಟಿಗೆ ಸಮಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಡ್ರಾಪರ್‌ನಿಂದ ಬಿಡಿ. ಪಾಯಿಂಟ್‌ನ ಚಲಿಸುವ ನಾಲಗೆಗಳ ಬಳಿ ಜಲ್ಲಿಯನ್ನಾಗಲಿ ಅಂಟನ್ನಾಗಲಿ ಸುಳಿಯಲು ಬಿಡಬಾರದು. ಆ ಎರಡಂಗುಲ ಜಾಗಕ್ಕೆ ಬಣ್ಣ ಬಳಿದರೆ ಸಾಕು. ಅಂಟು ಒಣಗಿದ ಮೇಲೆ ಹಳಿಯ ನೆತ್ತಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಬಟ್ಟೆಯಿಂದ ಒರೆಸಿ. ಮರಳುಕಾಗದ ಹಚ್ಚಿದರೆ ಗೀರು ಬಿದ್ದು, ಆ ಗೀರುಗಳಲ್ಲಿ ಕೊಳೆ ಇನ್ನಷ್ಟು ಬೇಗ ಕೂರುತ್ತದೆ.