ನೋಂದಣಿ ಪುಸ್ತಕ ಬಿಟ್ಟ ಮೇಲೆ: ಉಷ್ಣಾಂಶ ಸೆನ್ಸರ್ ಕ್ಯಾಲಿಬ್ರೇಶನ್‌ನಲ್ಲಿ ನನ್ನ ಅನುಭವ

ಕ್ಯಾಲಿಬ್ರೇಶನ್‌ಗೆಂದು, ಅಂದರೆ ನಿಖರವೆಂದು ಗೊತ್ತಿರುವ ಥರ್ಮಾಮೀಟರಿನೊಂದಿಗೆ ಹೋಲಿಸಿ ಎಷ್ಟು ತಪ್ಪು ತೋರಿಸುತ್ತವೆ ಎಂದು ನೋಡಲು, ಹುಬ್ಬಳ್ಳಿಯಲ್ಲಿರುವ ನಮ್ಮ ಪ್ರಯೋಗಾಲಯಕ್ಕೆ ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಿಂದ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಂದ ಬರುವ ಸೆನ್ಸರ್‌ಗಳಲ್ಲಿ ಹೆಚ್ಚಿನವು ಪಿಟಿ-100. ಸೊನ್ನೆ ಡಿಗ್ರಿಯಲ್ಲಿ 100 ಓಮ್, ನೂರು ಡಿಗ್ರಿಯಲ್ಲಿ 138.51 ಓಮ್ ರೋಧ ತೋರಿಸುವ ಪ್ಲಾಟಿನಂ ಸೆನ್ಸರ್ ಇದು. ಮೊದಲು ಮೀಟರಿನ ರೀಡಿಂಗನ್ನು ಪುಸ್ತಕದಲ್ಲಿ ಬರೆದು, ಅಲ್ಲಿಂದ ಎಕ್ಸೆಲ್‌ಗೆ ಏರಿಸಿ, ಮತ್ತೆ ಪ್ರಮಾಣಪತ್ರದಲ್ಲಿ ಟೈಪ್ ಮಾಡುತ್ತಿದ್ದೆವು. 109.73 ಓಮ್ ಎಂಬುದು ಎಲ್ಲಾದರೂ 107.93 ಆಗಿಬಿಟ್ಟರೆ ನಾಲ್ಕೂವರೆ ಡಿಗ್ರಿಗೂ ಮೀರಿದ ವ್ಯತ್ಯಾಸ ಬೀಳುತ್ತದೆ.

ಹಾಗಾಗಿ ಮೊದಲು ಕೈಬರಹವನ್ನೇ ತೆಗೆದೆವು. ಪ್ರಮಾಣಿತ ಥರ್ಮಾಮೀಟರಿನ ಮತ್ತು ಪರೀಕ್ಷೆಗೆ ಬಂದ ಸೆನ್ಸರಿನ ರೀಡಿಂಗುಗಳು ಕೇಬಲ್ ಮೂಲಕ ನೇರವಾಗಿ ಕಂಪ್ಯೂಟರಿಗೆ ಬರುತ್ತವೆ. ಇದರಿಂದ ಉಳಿದ ಸಮಯಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಸ್ಥಿರತೆಯ ವಿಷಯ: ಡ್ರೈ ಬ್ಲಾಕಿನ (ಸೆನ್ಸರ್‌ಗಳನ್ನು ರಂಧ್ರಗಳಲ್ಲಿ ಇಳಿಸಿ ಬೇಕಾದ ಉಷ್ಣಾಂಶಕ್ಕೆ ತರುವ, ಲೋಹದ ಗಟ್ಟಿಯಿರುವ ಉಪಕರಣ) ಪರದೆ ನಿಗದಿತ ಉಷ್ಣಾಂಶ ತೋರಿಸಿದರೂ ಒಳಗಿನ ಸೆನ್ಸರ್‌ಗಳು ನೆಲೆಗೊಳ್ಳಲು ಇನ್ನಷ್ಟು ಹೊತ್ತು ಬೇಕು, ಅವಸರದಲ್ಲಿರುವ ಮನುಷ್ಯ ಅಷ್ಟು ಕಾಯುವುದಿಲ್ಲ. ಈಗ ಏರಿಳಿತ ನಾವು ಗೊತ್ತುಮಾಡಿದ ಮಿತಿಯೊಳಗೆ ನಿಲ್ಲುವವರೆಗೆ ತಂತ್ರಾಂಶವು ರೀಡಿಂಗನ್ನೇ ಸ್ವೀಕರಿಸುವುದಿಲ್ಲ.

ತಂತ್ರಾಂಶವನ್ನು ಬಳಸುವ ಮೊದಲು ಅದನ್ನು ಪರಿಶೀಲಿಸಿ ದಾಖಲಿಸಬೇಕೆಂದು ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ/ಐಇಸಿ 17025:2017ರ 7.11ನೇ ಷರತ್ತು ಹೇಳುತ್ತದೆ, ಮತ್ತು ರೋಧವನ್ನು ಉಷ್ಣಾಂಶಕ್ಕೆ ಬದಲಿಸುವ ಸೂತ್ರವನ್ನು ನಾವೇ ಬರೆದ ಎಕ್ಸೆಲ್ ಹಾಳೆಗೂ ಇದು ಅನ್ವಯಿಸುತ್ತದೆ. ನಾವು ಪ್ಲಾಟಿನಂ ಸೆನ್ಸರ್‌ಗಳ ಮಾನದಂಡವಾದ ಐಇಸಿ 60751ರ ಕೋಷ್ಟಕವನ್ನು ಪಕ್ಕದಲ್ಲಿಟ್ಟುಕೊಂಡು, ಮೈನಸ್ 20 ಡಿಗ್ರಿಗೆ 92.16 ಓಮ್, 50 ಡಿಗ್ರಿಗೆ 119.40 ಓಮ್ ಎಂಬಂತೆ ಒಂದೊಂದೇ ಬಿಂದುವನ್ನು ತಾಳೆ ನೋಡಿ, ಆಮೇಲೆ ಸೂತ್ರದ ಕೋಶಗಳಿಗೆ ಬೀಗ ಹಾಕಿದೆವು. ಸೊನ್ನೆಯ ಕೆಳಗೆ ಸೂತ್ರಕ್ಕೆ ಮತ್ತೊಂದು ಪದ ಸೇರುತ್ತದೆ. ಮೈನಸ್ 20ರಲ್ಲಿ ಅದರ ಪ್ರಭಾವ ಡಿಗ್ರಿಯ ಸಾವಿರದ ಒಂದು ಭಾಗದಷ್ಟೇ ಆದರೂ ಬಿಡಲು ಮನಸ್ಸಾಗಲಿಲ್ಲ.

ಕಂಪ್ಯೂಟರಿಗೆ ಕಾಣದ ಸಂಗತಿಗಳೂ ಇವೆ. ಗಿಡ್ಡ ಸೆನ್ಸರನ್ನು ಡ್ರೈ ಬ್ಲಾಕಿನೊಳಗೆ ಸಾಕಷ್ಟು ಆಳಕ್ಕೆ ಇಳಿಸದಿದ್ದರೆ ಅದರ ಕಾಂಡದ ಮೂಲಕ ಶಾಖ ಹರಿದು ರೀಡಿಂಗ್ ಕೋಣೆಯ ಉಷ್ಣಾಂಶದ ಕಡೆಗೆ ವಾಲುತ್ತದೆ, ಮತ್ತು ಆ ತಪ್ಪು ರೀಡಿಂಗೂ ಅಷ್ಟೇ ಸ್ಥಿರವಾಗಿರುವುದರಿಂದ ತಂತ್ರಾಂಶ ಅದನ್ನು ಒಪ್ಪಿಕೊಳ್ಳುತ್ತದೆ. ಅಂಥವುಗಳಿಗೆ ನಾವು ದ್ರವದ ಬಾತ್, ಅಂದರೆ ನಿಗದಿತ ಉಷ್ಣಾಂಶದಲ್ಲಿಟ್ಟ ದ್ರವದ ತೊಟ್ಟಿ, ಬಳಸುತ್ತೇವೆ. ಪ್ರಮಾಣಿತ ಥರ್ಮಾಮೀಟರಿನ ಸೊನ್ನೆಯನ್ನು ನೋಡಲು ಶುದ್ಧ ನೀರಿನ ಮಂಜುಗಡ್ಡೆ ಪುಡಿ ಮಾಡಿ, ನೀರು ಬೆರೆಸಿ ಥರ್ಮಾಸ್‌ಗೆ ತುಂಬಿ, ಕೆಳಗೆ ನಿಂತ ಹೆಚ್ಚಿನ ನೀರನ್ನು ತೆಗೆಯುವ ಕೆಲಸ ಇವತ್ತಿಗೂ ಕೈಯದೇ.

ನನ್ನ ಪ್ರಕಾರ ಈ ಬದಲಾವಣೆಯ ನಿಜವಾದ ಫಲ ಸೆನ್ಸರಿನ ಚರಿತ್ರೆ. ಪ್ರತಿ ವರ್ಷದ ಸೊನ್ನೆ ಡಿಗ್ರಿಯ ರೋಧವನ್ನು ಒಂದೇ ರೇಖೆಯಲ್ಲಿ ಜೋಡಿಸಿದರೆ, ಕಂಪನವಿರುವ ಜಾಗದಲ್ಲಿ ಕೂತ ಸೆನ್ಸರಿನ ರೋಧ ಮೆಲ್ಲನೆ ಏರುತ್ತಿರುವುದು, ಅದು ಮಿತಿ ದಾಟುವ ಮೊದಲೇ ಗೊತ್ತಾಗುತ್ತದೆ. ಬ್ಯಾಡಗಿಯ ಮಾಲೀಕರೊಬ್ಬರು ರೇಖೆ ನೋಡಿ, “ಇದು ಇನ್ನೊಂದು ವರ್ಷ ನಡದೀತೇನ್ರಿ ಸರ?” ಎಂದು ಕೇಳಿದರು. ಗ್ರಾಹಕರೊಂದಿಗೆ ಒಪ್ಪಂದವಿಲ್ಲದೆ ಮುಂದಿನ ಕ್ಯಾಲಿಬ್ರೇಶನ್ ಅವಧಿಯನ್ನು ಪ್ರಮಾಣಪತ್ರದಲ್ಲಿ ಸೂಚಿಸಲು 17025 ಬಿಡುವುದಿಲ್ಲವಾದ್ದರಿಂದ, ರೇಖೆಯನ್ನು ಅವರ ಕೈಗೇ ಕೊಟ್ಟು ನಿರ್ಧಾರವನ್ನು ಅವರಿಗೇ ಬಿಟ್ಟೆ.

ಜರ್ಮನಿಯ ರಾಷ್ಟ್ರೀಯ ಮಾಪನ ಸಂಸ್ಥೆಯಾದ ಪಿಟಿಬಿ ರೂಪಿಸಿರುವ, ಯಂತ್ರವೇ ಓದಬಲ್ಲ ಡಿಜಿಟಲ್ ಪ್ರಮಾಣಪತ್ರವು ಎಕ್ಸ್‌ಎಂಎಲ್ ರೂಪದಲ್ಲಿದೆ. ಆದರೆ ನಮ್ಮ ಗ್ರಾಹಕರಿಗೆ ಸದ್ಯ ಡಿಜಿಟಲ್ ಸಹಿಯ ಪಿಡಿಎಫ್ ಕಳಿಸುತ್ತೇವೆ. ಅವರು ಅದನ್ನು ಮುದ್ರಿಸಿ ಆಡಿಟ್ ಫೈಲಿಗೆ ಸೇರಿಸಿಕೊಳ್ಳುತ್ತಾರೆ.